50 ಮೀಟರಿನಲ್ಲಿ ಗ್ರೂಪ್ ಹರಡುತ್ತಿದೆಯಾ? ಗುಂಡಿನ ಪೆಟ್ಟಿಗೆ ಬದಲಿಸುವ ಮೊದಲು ಇಷ್ಟು ನೋಡಿ

ದೋಷ ಏನು ಅಂದರೆ: ರೈಫಲ್ .22 (ಬುಲೆಟ್ಟಿನ ಅಗಲ 0.22 ಇಂಚು), ದೂರ 50 ಮೀಟರ್. ಗ್ರೂಪ್ ಅಂದರೆ ಒಂದೇ ಗುರಿಗೆ ಹೊಡೆದ ಗುಂಡುಗಳ ತೂತುಗಳ ಗುಂಪು. ಹತ್ತು ಗುಂಡು ಹೊಡೆದರೆ ಏಳು ಒಂದು ರೂಪಾಯಿ ನಾಣ್ಯದ ಅಡಿ ಮುಚ್ಚಿಹೋಗುತ್ತವೆ. ಎರಡು ಮೇಲೆ. ಒಂದು ಎಲ್ಲೋ ಎಡಕ್ಕೆ, ಟಾರ್ಗೆಟ್ಟಿನ ಎಂಟು ಅಂಕದ ಗೆರೆ ದಾಟಿ. ನೋಡಿದ ತಕ್ಷಣ ಬಾಯಿಗೆ ಬರುವ ಮಾತು ಒಂದೇ: "ಈ ಗುಂಡು ಸರಿ ಇಲ್ಲ."

ನಾನೂ ಅದನ್ನೇ ಹೇಳಿದ್ದೆ. ಧಾರವಾಡದ ಹೊರಗೆ ನಾವು ಹೋಗುವ ರೇಂಜಿನಲ್ಲಿ ಹಿರಿಯರೊಬ್ಬರು ಕೋಚಿಂಗ್ ಮಾಡುತ್ತಾರೆ, ಎಲ್ಲರಿಗೂ ಅವರು ಕಾಕಾ. ನನ್ನ ಕಾಗದ ನೋಡಿದರು, ಪಕ್ಕದಲ್ಲಿದ್ದ ಹೊಸ ದುಬಾರಿ ಪೆಟ್ಟಿಗೆಯನ್ನೂ ನೋಡಿದರು. "ತಮ್ಮಾ, ಸ್ಕ್ರೂ ನೋಡಿಯೇನು?" ಅಂದರು. ನೋಡಿರಲಿಲ್ಲ. ಅಲೆನ್ ಕೀ ಹಾಕಿದರೆ ಆಕ್ಷನ್ನಿನ (ಗುಂಡು ತುಂಬಿ ಸಿಡಿಸುವ ಲೋಹದ ಭಾಗ) ಮುಂದಿನ ಸ್ಕ್ರೂ, ಅದನ್ನು ರೈಫಲಿನ ಹಿಡಿಗೆ ಕೂರಿಸುವುದು, ಸುಮ್ನೆ ಅರ್ಧ ಸುತ್ತು ತಿರುಗಿತು. ಬಿಗಿ ಮಾಡಿ ಅದೇ ಹಳೆಯ ಗುಂಡಿನಲ್ಲಿ ಹೊಡೆದೆ. ಎಡಕ್ಕೆ ಓಡುತ್ತಿದ್ದವು ಮಾಯ. ದುಬಾರಿ ಪೆಟ್ಟಿಗೆಯ ದುಡ್ಡು ಹೋಯಿತು. ಆದರೆ ಮೇಲೆ ಹೋಗುತ್ತಿದ್ದವು ಹಾಗೇ ಉಳಿದವು. ಅಲ್ಲಿ ಮಾತ್ರ ತಪ್ಪು ನಿಜಕ್ಕೂ ಗುಂಡಿನದೇ ಆಗಿತ್ತು. ಹಾಗಾಗಿ ಈ ಬರಹದ ತುಂಬ ಒಂದೇ ಪ್ರಶ್ನೆ: ಯಾವುದು ಗುಂಡಿನ ತಪ್ಪು, ಯಾವುದು ಅಲ್ಲ?

ಶುರು ಮಾಡುವ ಮೊದಲು ಒಂದು ಮಾತು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರ ಆಗಸ್ಟ್ 1ರಂದು ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ (ಮೊಣಕಾಲೂರಿ, ಮಲಗಿ, ನಿಂತು ಹೊಡೆಯುವುದು) ಕಂಚು ಗೆದ್ದರಲ್ಲ, ಅವರು ಪಕ್ಕದ ಕೊಲ್ಲಾಪುರ ಜಿಲ್ಲೆಯವರು. ಆಮೇಲೆ ನಮ್ಮ ಕಡೆ .22 ಬಗ್ಗೆ ಕೇಳುವ ಹುಡುಗರು ಜಾಸ್ತಿಯಾದರು. ಅವರು ನೋಡುವ ವಿಡಿಯೋಗಳಲ್ಲಿ ಮಾತ್ರ 6.5 ಕ್ರೀಡ್‌ಮೂರ್ ಎಂಬ ದೊಡ್ಡ ಗುಂಡು, 140 ಗ್ರೇನ್ (ಗ್ರೇನ್ ಅಂದರೆ ತೂಕದ ಅಳತೆ) ಬುಲೆಟ್, ಸಾವಿರ ಗಜ ಅಂತೆಲ್ಲಾ ಇರುತ್ತದೆ. ಹುಬ್ಬಳ್ಳಿಯಲ್ಲಿ ಹೊಸದಾಗಿ ಕಲಿಯುವವನಿಗೆ 50 ಮೀಟರೇ ದೂರ, 100 ಮೀಟರ್ ಅಂದರೆ ಬಹಳ ದೂರ. ಅಷ್ಟರೊಳಗೇ ಮಾತಾಡೋಣ. ಇಲ್ಲಿ ಗುಂಡು ಅಂದರೆ ಪೂರ್ತಿ ತೋಟಾ, ಬುಲೆಟ್ ಅಂದರೆ ಅದರಿಂದ ಹಾರಿ ಹೋಗುವ ಸೀಸ ಮಾತ್ರ. ಲೈಸೆನ್ಸ್ ಇರುವವರು, ಇಲ್ಲವೇ ಕ್ಲಬ್ಬಿನ ರೈಫಲನ್ನು ಕೋಚ್ ಎದುರಿಗೆ ಹೊಡೆಯುವವರು, ಇಬ್ಬರಿಗೂ ಇದು ಅನ್ವಯಿಸುತ್ತದೆ.

ಮೊದಲು ಕಾಗದ ಓದಿ

ತೂತುಗಳು ಹರಡಿದ ಆಕಾರವೇ ಅರ್ಧ ಉತ್ತರ ಹೇಳುತ್ತದೆ.

ಅಡ್ಡಕ್ಕೆ ಸಾಲಾಗಿ ಹರಡಿದ್ದರೆ ಗುಂಡಿನ ಮೇಲೆ ಅನುಮಾನ ಬೇಡ. ಗಾಳಿ, ಟ್ರಿಗರ್ ಎಳೆಯುವ ಬೆರಳು ಅಥವಾ ರೈಫಲ್ ವಾಲಿಸುವುದು, ಈ ಮೂರರಲ್ಲಿ ಒಂದು. ವಾಲುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 50 ಮೀಟರ್ ಹೋಗುವಷ್ಟರಲ್ಲಿ .22 ಬುಲೆಟ್ ಸುಮಾರು 12 ಸೆಂ.ಮೀ. ಕೆಳಗೆ ಬೀಳುತ್ತದೆ. ಅದಕ್ಕೆಂದೇ ನಾವು ಸೈಟನ್ನು ಏರಿಸಿರುತ್ತೇವೆ. ರೈಫಲನ್ನು 5 ಡಿಗ್ರಿ ಬಲಕ್ಕೆ ವಾಲಿಸಿದರೆ ಆ ಏರಿಸಿದ್ದೂ ಬಲಕ್ಕೆ ವಾಲುತ್ತದೆ, ಬುಲೆಟ್ ಸುಮಾರು 1 ಸೆಂ.ಮೀ. ಬಲಕ್ಕೆ ಹೋಗುತ್ತದೆ. 50 ಮೀಟರ್ ಟಾರ್ಗೆಟ್ಟಿನಲ್ಲಿ ಹತ್ತರ ವೃತ್ತದ ಅಗಲವೇ 10.4 ಮಿ.ಮೀ. ಅಂದಮೇಲೆ ಇದು ಸಣ್ಣ ವಿಷಯವಲ್ಲ, ಅಲ್ವಾ?

ಓರೆಯಾಗಿ, ಅಂದರೆ ಗಡಿಯಾರದ ಹತ್ತು ಗಂಟೆಯ ಕಡೆಯಿಂದ ನಾಲ್ಕು ಗಂಟೆಯ ಕಡೆಗೆ ಹರಡಿದ್ದರೆ ಅದು ಗಾಳಿಯ ಸಹಿ. ಬಲಕ್ಕೆ ತಿರುಗುವ ರೈಫ್ಲಿಂಗ್ (ಒಳಗಿನ ಸುರುಳಿ ಗೀರು) ಇರುವ ಬ್ಯಾರಲ್‌ನಲ್ಲಿ ಬಲಗಡೆಯ ಗಾಳಿ ಬುಲೆಟ್ಟನ್ನು ಎಡಕ್ಕೆ ತಳ್ಳಿ ತುಸು ಮೇಲಕ್ಕೂ ಎತ್ತುತ್ತದೆ. ಎಡಗಡೆಯ ಗಾಳಿ ಬಲಕ್ಕೆ ಮತ್ತು ಕೆಳಕ್ಕೆ. ಸ್ಟ್ಯಾಂಡರ್ಡ್ ಗುಂಡು 50 ಮೀಟರಿನಲ್ಲಿ ಸೆಕೆಂಡಿಗೆ 1 ಮೀಟರ್ ಅಡ್ಡಗಾಳಿಗೆ 6-7 ಮಿ.ಮೀ. ಸರಿಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಪಡುವಣ ಗಾಳಿ ಹೇಗೆ ಬೀಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಗದಗದ ಕಡೆ ಗಾಳಿ ಗಿರಣಿಗಳನ್ನು ಸುಮ್ನೆ ನಿಲ್ಲಿಸಿಲ್ಲ. ಸೆಕೆಂಡಿಗೆ ನಾಲ್ಕೈದು ಮೀಟರ್ ಅಡ್ಡಗಾಳಿ ಬಂತೆಂದರೆ ಹತ್ತಕ್ಕೆ ಗುರಿ ಇಟ್ಟದ್ದು ಏಳರ ಹತ್ತಿರ ಬೀಳುತ್ತದೆ. ಶ್ರಾವಣದ ಮಧ್ಯಾಹ್ನ ಗುಂಡು ಪರೀಕ್ಷೆ ಮಾಡಿದವನ ಕಾಗದವನ್ನು ನಾನು ನೋಡುವುದೂ ಇಲ್ಲ. ಬೆಳಿಗ್ಗೆ ಏಳಕ್ಕೆ ಬನ್ನಿ, ಎರಡು ಕಡ್ಡಿಗೆ ಉಣ್ಣೆ ದಾರ ಕಟ್ಟಿ ದಾರಿಯಲ್ಲಿ ನೆಡಿ, ಅದು ಜೋತುಬಿದ್ದಾಗ ಹೊಡೆಯಿರಿ.

ಎರಡು ಬೇರೆ ಬೇರೆ ಗುಂಪಾಗಿದ್ದರೆ ಆಕ್ಷನ್ ಸ್ಕ್ರೂ, ಸೈಟ್ ಅಥವಾ ಸ್ಕೋಪ್ ಮೌಂಟ್ ಸಡಿಲ. ಸ್ಕ್ರೂವನ್ನು ಕಂಪನಿ ಹೇಳಿದಷ್ಟೇ ಬಿಗಿ ಮಾಡಿ. ಜೋರು ಇದೆ ಅಂತ ತೋಳ್ಬಲ ತೋರಿಸಬೇಡಿ. ಸ್ಕೋಪ್ ಹಾಕಿದವರಿಗೆ ಇನ್ನೊಂದು ಗುಟ್ಟು: ದೊಡ್ಡ ರೈಫಲ್ಲಿಗೆ ಮಾಡಿದ ಎಷ್ಟೋ ಸ್ಕೋಪ್‌ಗಳ ಪ್ಯಾರಲಾಕ್ಸ್ 100 ಗಜಕ್ಕೆ ಕೂರಿಸಿರುತ್ತದೆ. 50 ಮೀಟರಿನಲ್ಲಿ ಅದರಲ್ಲಿ ಕಣ್ಣು ತುಸು ಆಚೀಚೆ ಆದರೂ ಗುರಿ ಸರಿದಂತೆ ಕಾಣುತ್ತದೆ.

ಮೇಲೆ-ಕೆಳಗೆ ಉದ್ದಕ್ಕೆ ಹರಡಿದ್ದರೆ, ಅದೂ ಗಾಳಿ ಇಲ್ಲದ ಬೆಳಿಗ್ಗೆ, ಸ್ಯಾಂಡ್‌ಬ್ಯಾಗ್ ಮೇಲೆ ರೈಫಲ್ ಇಟ್ಟು ಹೊಡೆದಾಗಲೂ ಹರಡಿದರೆ, ಆಗ ಗುಂಡಿನ ಪೆಟ್ಟಿಗೆಯನ್ನು ಕೈಗೆತ್ತಿಕೊಳ್ಳಿ. ಆಧಾರವಿಲ್ಲದೆ ಗುಂಡು ಹೊಡೆಯುವಾಗ ಉಸಿರು ಮೇಲೆ ಕೆಳಗೆ ಆದರೂ ಇದೇ ಆಕಾರ ಬರುತ್ತದೆ. ಅದಕ್ಕೇ ಸ್ಯಾಂಡ್‌ಬ್ಯಾಗ್ ಬೇಕು ಅಂದದ್ದು.

ಉದ್ದಕ್ಕೆ ಏಕೆ ಹರಡುತ್ತದೆ

ಲೆಕ್ಕ ಸರಳ. ಸ್ಟ್ಯಾಂಡರ್ಡ್ .22 ಗುಂಡಿನ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ಸೀಸದ ಬುಲೆಟ್, ಸೆಕೆಂಡಿಗೆ 330 ಮೀಟರ್ ಆಸುಪಾಸಿನಲ್ಲಿ ಹೊರಡುತ್ತದೆ. ಒಂದು ಗುಂಡು ಇನ್ನೊಂದಕ್ಕಿಂತ ಸೆಕೆಂಡಿಗೆ 10 ಮೀಟರ್ ನಿಧಾನ ಹೊರಟರೆ 50 ಮೀಟರಿನಲ್ಲಿ ಸುಮಾರು 7 ಮಿ.ಮೀ. ಕೆಳಗೆ ಬೀಳುತ್ತದೆ. 100 ಮೀಟರಿಗೆ ಹೋದರೆ ಅದೇ ವ್ಯತ್ಯಾಸ ನಾಲ್ಕು ಪಟ್ಟಾಗಿ 3 ಸೆಂ.ಮೀ. ಆಗುತ್ತದೆ. ನೀವು ಏನೂ ತಪ್ಪು ಮಾಡಿಲ್ಲ, ಗಾಳಿಯೂ ಇಲ್ಲ, ಆದರೂ 50 ಮೀಟರಿನಲ್ಲೇ ಹತ್ತು ಹೋಗಿ ಒಂಬತ್ತಾಗಬಹುದು. ಹೊಸಬರು ಗುಂಡು ಆರಿಸುವಾಗ ಕೇಳಬೇಕಾದದ್ದು "ಎಷ್ಟು ವೇಗ?" ಅಂತಲ್ಲ. "ಎಲ್ಲವೂ ಒಂದೇ ವೇಗವಾ?" ಅಂತ.

ಇಲ್ಲಿ ಹುಡುಗರು ಎಡವುವುದು ಹೈ ವೆಲಾಸಿಟಿ ಗುಂಡಿನಲ್ಲಿ. ಪೆಟ್ಟಿಗೆ ಮೇಲೆ ಹಾಗೆ ಬರೆದಿದ್ದರೆ ಜೋರಾಗಿ ಹೋಗುತ್ತದೆ, ಗಾಳಿಗೆ ಕಮ್ಮಿ ಸರಿಯುತ್ತದೆ ಅನ್ನಿಸುತ್ತದೆ. ಆಗುವುದು ಉಲ್ಟಾ. ಅದು ಸೆಕೆಂಡಿಗೆ 380 ಮೀಟರ್ ಹೊತ್ತಿಗೆ ಹೊರಟು, ಸರಿಯಾಗಿ 50 ಮೀಟರಿನ ಸುತ್ತಮುತ್ತ ಶಬ್ದದ ವೇಗಕ್ಕೆ ಇಳಿಯುತ್ತದೆ. ಆ ವೇಗದ ಹತ್ತಿರ ಗಾಳಿ ಬುಲೆಟ್ಟನ್ನು ವಿಪರೀತ ತಡೆಯುತ್ತದೆ. ತಡೆ ಜಾಸ್ತಿಯಾದಷ್ಟೂ ಅಡ್ಡಗಾಳಿಗೆ ಸರಿಯುವುದೂ ಜಾಸ್ತಿ. ಸ್ಟ್ಯಾಂಡರ್ಡ್ ಗುಂಡು ಶಬ್ದಕ್ಕಿಂತ ನಿಧಾನವಾಗೇ ಹೊರಟು ನಿಧಾನವಾಗೇ ಮುಟ್ಟುತ್ತದೆ, ಈ ರಗಳೆ ಇಲ್ಲ. ನಮ್ಮ ಬಿಸಿಲು ಇಲ್ಲಿ ಉಪಕಾರವನ್ನೇ ಮಾಡುತ್ತದೆ: 15 ಡಿಗ್ರಿಯಲ್ಲಿ ಸೆಕೆಂಡಿಗೆ 340 ಮೀಟರ್ ಇರುವ ಶಬ್ದದ ವೇಗ 35 ಡಿಗ್ರಿಯಲ್ಲಿ 352 ಆಗುತ್ತದೆ. ಸ್ಟ್ಯಾಂಡರ್ಡ್ ಗುಂಡಿಗೆ ಇನ್ನೂ ಜಾಗ ಸಿಗುತ್ತದೆ.

ಹಾಗಾದರೆ ಏನು ಕೊಳ್ಳಬೇಕು? ಕಲಿಯುವವರಿಗೆ ಸ್ಟ್ಯಾಂಡರ್ಡ್ ವೆಲಾಸಿಟಿ, 40 ಗ್ರೇನ್, ಗುಂಡನೆ ಮೂತಿಯ ಸೀಸದ ಬುಲೆಟ್. ಮೂತಿಯಲ್ಲಿ ಹಳ್ಳ ಇರುವುದು ಬೇಟೆಗೆ ಮಾಡಿದ್ದು, ತಾಮ್ರದ ಲೇಪ ಇರುವುದೂ ಸಾಮಾನ್ಯವಾಗಿ ಸ್ಪರ್ಧೆಗೆ ಮಾಡಿದ್ದಲ್ಲ, ನಮಗೆ ಬೇಡ. 60 ಗ್ರೇನಿನ ಭಾರಿ ಬುಲೆಟ್ ಸಿಕ್ಕರೂ ಬೇಡ. ಸಾಮಾನ್ಯ .22 ಬ್ಯಾರಲ್ 16 ಇಂಚಿಗೆ ಒಂದು ಸುತ್ತು ತಿರುಗಿಸುತ್ತದೆ, ಅಷ್ಟು ಉದ್ದದ ಬುಲೆಟ್ಟಿಗೆ ಆ ಸುತ್ತು ಸಾಲದೆ ಅದು ಕಾಗದಕ್ಕೆ ಅಡ್ಡಡ್ಡ ಬಡಿಯಬಹುದು. ತೂತು ದುಂಡಗಿರದೆ ಕೀಲಿಕೈ ಕಿಂಡಿಯ ಹಾಗೆ ಕಂಡರೆ ಕಾರಣ ಇದೇ, ಇಲ್ಲವೇ ಬ್ಯಾರಲ್ ಸವೆದಿದೆ.

ಹೆಸರು ಕೇಳುತ್ತೀರಿ. ಕೈಗೆಟುಕುವ ಮಟ್ಟದಲ್ಲಿ ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್, ಸಿಸಿಐ ಸ್ಟ್ಯಾಂಡರ್ಡ್, ಈಲಿ ಕ್ಲಬ್. ಮೇಲಕ್ಕೆ ಹೋದರೆ ಲಾಪುವಾ ಸೆಂಟರ್-ಎಕ್ಸ್, ಈಲಿ ಮ್ಯಾಚ್. ತುದಿಯಲ್ಲಿ ಈಲಿ ಟೆನೆಕ್ಸ್, ಆರ್‌ಡಬ್ಲ್ಯೂಎಸ್ ಆರ್50, ಲಾಪುವಾ ಎಕ್ಸ್-ಆಕ್ಟ್. ನಿಮ್ಮ ಡೀಲರ್ ಹತ್ತಿರ ಇವುಗಳಲ್ಲಿ ಯಾವುದು ಇರುತ್ತದೋ ಅದೇ ನಿಮ್ಮ ಆಯ್ಕೆ, ಇದು ನಮ್ಮೂರಿನ ಸತ್ಯ. ಅದರಲ್ಲೂ ತುದಿಯದ್ದನ್ನು ಹೊಸಬರು ಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ. ಕೈಯ ಗ್ರೂಪೇ 40 ಮಿ.ಮೀ. ಇರುವಾಗ 12 ಮಿ.ಮೀ. ಗ್ರೂಪ್ ಕೊಡುವ ಗುಂಡು ತಂದು ಏನು ಮಾಡುವುದು?

ಲಾಟ್ ನಂಬರ್ ಎಂಬ ಸಣ್ಣ ಅಕ್ಷರ

ಪೆಟ್ಟಿಗೆಯ ತುದಿಯಲ್ಲೋ ಒಳಗಿನ ಮಡಿಕೆಯಲ್ಲೋ ಒಂದು ನಂಬರ್ ಒತ್ತಿರುತ್ತದೆ. ಅದು ಲಾಟ್. ಒಂದೇ ಹೆಸರು, ಒಂದೇ ಬೆಲೆ, ಒಂದೇ ಬಣ್ಣದ ಪೆಟ್ಟಿಗೆ ಇದ್ದರೂ ಲಾಟ್ ಬೇರೆ ಆದರೆ ನಿಮ್ಮ ಬ್ಯಾರಲ್‌ಗೆ ಅದು ಬೇರೆಯೇ ಗುಂಡು. ಮದ್ದು, ರಿಮ್ಮಿನೊಳಗಿನ (ಗುಂಡಿನ ತಳದ ಅಂಚು) ಪ್ರೈಮಿಂಗ್ ಎಂಬ ಕಿಡಿ ಹೊತ್ತಿಸುವ ಮಸಾಲೆ, ಬುಲೆಟ್ಟಿಗೆ ಸವರಿದ ಮೇಣ, ಎಲ್ಲದರಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ. ದೊಡ್ಡ ಶೂಟರ್‌ಗಳು ತಮ್ಮ ರೈಫಲ್ ಹೊತ್ತುಕೊಂಡು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೋ ಜರ್ಮನಿಯ ಶ್ಯೋನೆಬೆಕ್‌ಗೋ ಹೋಗಿ, ಕಂಪನಿಯ ಪರೀಕ್ಷಾ ರೇಂಜಿನಲ್ಲಿ ಲಾಟ್ ಮೇಲೆ ಲಾಟ್ ಹೊಡೆದು ಆರಿಸಿಕೊಂಡು ಬರುವುದು ಇದಕ್ಕೇ.

ನನ್ನ ಮೇಲೆ ಹೋಗುತ್ತಿದ್ದ ಎರಡು ಗುಂಡುಗಳ ಕಥೆಯೂ ಇದೇ. ಗದಗಿನ ಗೆಳೆಯನ ಹತ್ತಿರವೂ ನನ್ನ ಹತ್ತಿರವೂ ಒಂದೇ ಹೆಸರಿನ ಗುಂಡು. ರೇಂಜಿನಲ್ಲಿ ಇಬ್ಬರ ಪೆಟ್ಟಿಗೆಯೂ ಅರ್ಧರ್ಧ ಉಳಿದಿತ್ತು, ಒಂದಕ್ಕೇ ಸುರಿದು ಒಂದು ಪೆಟ್ಟಿಗೆ ಮಾಡಿದ್ದೆವು. ಜಾಗ ಉಳಿಯಿತು ಅಂತ ಖುಷಿ ಬೇರೆ. ಅವನದು ಒಂದು ಲಾಟ್, ನನ್ನದು ಇನ್ನೊಂದು. ಸ್ಕ್ರೂ ಬಿಗಿ ಮಾಡಿದ ಮೇಲೂ ಕೆಲವು ಮೇಲೆ ಹೋಗುತ್ತಿದ್ದದ್ದು ಅವನ ಗುಂಡುಗಳು. ಹೊರಗಿನಿಂದ ನೋಡಿದರೆ ಯಾವುದು ಯಾವುದೆಂದು ಹೇಳುವ ಹಾಗೇ ಇರಲಿಲ್ಲ. ಕಾಕಾ ಕೇಳಿ ನಕ್ಕರು. "ಎರಡು ಮನಿ ಹಿಟ್ಟು ಕಲಸಿ ರೊಟ್ಟಿ ಬಡಿದ್ರ ಒಂದ ಥರಾ ಬರ್ತಾವೇನು?"

ಪರೀಕ್ಷೆ ಮಾಡುವ ಕ್ರಮ

ಲೈಸೆನ್ಸಿನಲ್ಲಿ ಒಂದು ಸಲಕ್ಕೆ ಇಷ್ಟು, ವರ್ಷಕ್ಕೆ ಇಷ್ಟು ಗುಂಡು ಅಂತ ಬರೆದಿರುತ್ತದೆ. ಹಾಗಾಗಿ ಅಂಗಡಿಯಲ್ಲಿರುವುದನ್ನೆಲ್ಲ ತಂದು ಹೊಡೆಯುವ ಐಷಾರಾಮ ನಮಗಿಲ್ಲ. ಮೂರು ಬಗೆ, ತಲಾ ಒಂದು 50ರ ಪೆಟ್ಟಿಗೆ ಸಾಕು.

ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗುವಾಗ ಮೊದಲ 15 ಗುಂಡು ಲೆಕ್ಕಕ್ಕಿಲ್ಲ. ಒಂದೊಂದು ಕಂಪನಿಯ ಮೇಣ ಒಂದೊಂದು ಥರ. ಹಳೆಯ ಮೇಣ ಹೋಗಿ ಹೊಸದು ಬ್ಯಾರಲ್ ಉದ್ದಕ್ಕೂ ಕೂರಬೇಕು. ಬ್ಯಾರಲ್ ತೊಳೆದ ಮೇಲೂ ಅಷ್ಟೇ. ಹೊಸಬರು ಮಾಡುವ ಎಡವಟ್ಟು ಇಲ್ಲೇ: ಹೊಸ ಪೆಟ್ಟಿಗೆ ಒಡೆದು ಮೊದಲ ಐದು ಹೊಡೆದು "ಛೇ, ಇದೂ ಸರಿ ಇಲ್ಲ" ಅಂತ ಪಕ್ಕಕ್ಕಿಡುವುದು. ಆ ಐದರಲ್ಲಿ ನೀವು ಪರೀಕ್ಷಿಸಿದ್ದು ಹಳೆಯ ಗುಂಡಿನ ಮೇಣವನ್ನು.

ಆಮೇಲೆ ಐದೈದರ ನಾಲ್ಕು ಗ್ರೂಪ್, ಬೇರೆ ಬೇರೆ ಕಾಗದದ ಮೇಲೆ. ಎರಡು ತುದಿಯ ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 5.6 ಮಿ.ಮೀ. ಕಳೆಯಿರಿ, ಅದು ಬುಲೆಟ್ಟಿನ ಅಗಲ. ಒಂದೇ ಗ್ರೂಪ್ ನೋಡಿ ತೀರ್ಮಾನಿಸಬೇಡಿ, ಫೋನಿನಲ್ಲಿ ಎಲ್ಲರೂ ಕಳಿಸುವುದು ಅವರ ಬದುಕಿನ ಅತ್ಯುತ್ತಮ ಗ್ರೂಪಿನ ಫೋಟೋ. ಅದೇ ರೈಫಲ್, ಅದೇ ಗುಂಡಿನಲ್ಲಿ ಹತ್ತು ಹೊಡೆದರೆ ಐದರ ಗ್ರೂಪಿಗಿಂತ ಸರಾಸರಿ ಕಾಲು ಭಾಗ ದೊಡ್ಡದು ಬರುತ್ತದೆ, ಮೂರರ ಗ್ರೂಪಿಗಿಂತ ಒಂದೂವರೆ ಪಟ್ಟಿಗೂ ಜಾಸ್ತಿ. ಮೂರು ಗುಂಡಿನ ಗ್ರೂಪ್ ತೋರಿಸಿ ಗುಂಡು ಹೊಗಳುವವರ ಹತ್ತಿರ ಜಾಗ್ರತೆ.

ಅಳತೆಗಿಂತ ನನಗೆ ಇಷ್ಟವಾದದ್ದು ಕಿಟಕಿಯ ಪರೀಕ್ಷೆ. ಮನೆಗೆ ಬಂದು ನಾಲ್ಕೂ ಕಾಗದದ ಗುರಿಯ ಮಧ್ಯ ಹೊಂದಿಸಿ ಒಂದರ ಮೇಲೊಂದು ಇಟ್ಟು, ಅಡುಗೆಮನೆ ಕಿಟಕಿಯ ಗಾಜಿಗೆ ಒತ್ತಿ ಹಿಡಿಯುತ್ತೇನೆ. ಬೆಳಕು ಹಿಂದಿನಿಂದ ಬಂದಾಗ ಇಪ್ಪತ್ತೂ ತೂತುಗಳ ಜಾಗ ಒಟ್ಟಿಗೆ ತೋರುತ್ತದೆ. ಪೆನ್ಸಿಲ್ಲಿನಿಂದ ಮೇಲಿನ ಕಾಗದಕ್ಕೆ ಎಲ್ಲವನ್ನೂ ಗುರುತು ಮಾಡುತ್ತೇನೆ. ದುಂಡಗೆ ಕೂಡಿದ್ದರೆ ಆ ಗುಂಡು ನನ್ನ ಬ್ಯಾರಲ್‌ಗೆ ಒಪ್ಪಿದೆ. ಬದನೆಕಾಯಿಯ ಹಾಗೆ ಉದ್ದಕ್ಕೆ ಬಂದರೆ ವೇಗ ಒಂದೇ ಸಮ ಇಲ್ಲ. ಹದಿನೆಂಟು ಒಟ್ಟಿಗಿದ್ದು ಎರಡು ದೂರ ಇದ್ದರೆ, ಆ ಎರಡು ಹೊಡೆದಾಗ ನಾನೇ ಕೈ ತಪ್ಪಿಸಿದ್ದೆನಾ ಎಂದು ನೋಟ್‌ಬುಕ್ ನೋಡುತ್ತೇನೆ. ತಪ್ಪಿದಾಗಲೇ ಬರೆದಿಟ್ಟುಕೊಳ್ಳಬೇಕು. ಕಾಗದ ನೋಡಿದ ಮೇಲೆ ಎಲ್ಲರಿಗೂ "ಹೌದು, ಅದೊಂದು ಜಾರಿತ್ತು" ಅಂತ ನೆನಪಾಗುತ್ತದೆ.

ನನ್ನ ಬ್ಯಾರಲ್‌ಗೆ ಒಪ್ಪಿದ್ದು ಮೂರರಲ್ಲಿ ಮಧ್ಯದ ಬೆಲೆಯದು. ಗೆಳೆಯನಿಗೆ ಎಲ್ಲಕ್ಕಿಂತ ಅಗ್ಗದ್ದು. ಯಾಕೆ ಅಂದರೆ ಬ್ಯಾರಲ್ ಬೇರೆ, ಅಷ್ಟೇ.

"ಟಕ್" ಅಂತು, ಸಿಡಿಯಲಿಲ್ಲ

ಇದು ಬೇರೆ ದೋಷ, ಆದರೆ ಇದಕ್ಕೂ ಮೊದಲು ಬೈಗುಳ ತಿನ್ನುವುದು ಗುಂಡೇ. ರೈಫಲಿನ ಮೂತಿ ಗುರಿಯ ಕಡೆಗೇ ಇರಲಿ. 30 ಸೆಕೆಂಡ್ ಕಾಯಿರಿ, ತಡವಾಗಿ ಸಿಡಿಯಬಹುದು. ಆಮೇಲೆ ಬೋಲ್ಟ್ (ಗುಂಡು ತುಂಬಲು ಹಿಂದಕ್ಕೆ ಎಳೆಯುವ ಭಾಗ, ಗುಂಡಿಗೆ ಬಡಿಯುವ ಪಿನ್ ಇದರೊಳಗೇ) ತೆಗೆದು ಗುಂಡಿನ ರಿಮ್ ನೋಡಿ. ಪಿನ್ನಿನ ಗುರುತು ಆಳವಾಗಿ ಚೆನ್ನಾಗಿ ಬಿದ್ದಿದ್ದರೆ ಗುಂಡಿನ ತಪ್ಪು: ರಿಮ್ಮಿನೊಳಗೆ ಪ್ರೈಮಿಂಗ್ ಆ ಜಾಗಕ್ಕೆ ಹರಡಿಲ್ಲ. ಗುರುತು ತೆಳ್ಳಗೆ, ಉಗುರಿನಿಂದ ಗೀಚಿದ ಹಾಗಿದ್ದರೆ ತಪ್ಪು ಬೋಲ್ಟಿನದು.

ಹಾವೇರಿ ಕಡೆಯ ಹುಡುಗನೊಬ್ಬ ಜನವರಿಯಲ್ಲಿ ಪ್ರತಿ ಬೆಳಿಗ್ಗೆ ಹತ್ತಕ್ಕೆ ಮೂರು ಸಿಡಿಯದೆ ಒದ್ದಾಡುತ್ತಿದ್ದ. ಹನ್ನೊಂದು ಗಂಟೆಯಾದರೆ ಎಲ್ಲ ಸರಿ. ಎರಡು ಬಗೆ ಗುಂಡು ಬದಲಿಸಿದ್ದ. ಕಾಕಾ ಬೋಲ್ಟ್ ಬಿಚ್ಚಿ ಸ್ಪ್ರಿಂಗ್ ಮೇಲೆ ಬೆರಳಾಡಿಸಿದರು. ಬೆರಳಿಗೆ ಬೆಳ್ಳಗೆ, ಮುದ್ದೆಯ ಹಾಗೆ ಏನೋ ಅಂಟಿತು. ಮೂಸಿ ನೋಡಿ ಹುಡುಗನ ತಲೆ ನೋಡಿದರು. "ತಲಿಗೆ ಹಚ್ಚೂದನ್ನ ಇದಕ್ಕ ಹಚ್ಚೀಯಲ್ಲೋ!" ಕೊಬ್ಬರಿ ಎಣ್ಣೆ. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದ ಬೆಳಿಗ್ಗೆ ಬಚ್ಚಲುಮನೆಯ ಬಾಟಲಿಯಲ್ಲಿ ಆಗುವುದೇ ಬೋಲ್ಟಿನೊಳಗೂ ಆಗಿತ್ತು, ಪಿನ್ ಮೆತ್ತಗೆ ಬಡಿಯುತ್ತಿತ್ತು. ಒರೆಸಿ ಒಣಗಿಸಿ, ಗನ್ ಆಯಿಲ್ ಒಂದು ಹನಿ ಹಚ್ಚಿದ ಮೇಲೆ ಅವನ ಹಳೆಯ ಗುಂಡುಗಳೆಲ್ಲ ಸಿಡಿದವು.

ಸಿಡಿದರೂ "ಫುಸ್" ಎಂದು ಸದ್ದು ಸಣ್ಣದಾದರೆ ಮಾತ್ರ ತಮಾಷೆ ಇಲ್ಲ. ಅಲ್ಲಿಗೇ ನಿಲ್ಲಿಸಿ. ಬುಲೆಟ್ ಬ್ಯಾರಲ್ಲೊಳಗೇ ಸಿಕ್ಕಿರಬಹುದು, ಅದರ ಹಿಂದೆ ಇನ್ನೊಂದು ಹೊಡೆದರೆ ಬ್ಯಾರಲ್ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಬೋಲ್ಟ್ ಹೊರಗೆ ತೆಗೆದು, ಚೇಂಬರ್ (ಬ್ಯಾರಲ್‌ನಲ್ಲಿ ಗುಂಡು ಕೂರುವ ಜಾಗ) ಖಾಲಿ ಮಾಡಿ, ಹಿಂದಿನಿಂದ ಬೆಳಕು ಕಾಣುತ್ತದಾ ನೋಡಿ. ಕಾಣದಿದ್ದರೆ ಕೋಚನ್ನು ಕರೆಯಿರಿ. ಸಿಡಿಯದ ಗುಂಡನ್ನು ಜೇಬಿಗೆ ಹಾಕಿಕೊಳ್ಳುವುದು, ಕಸಕ್ಕೆ ಎಸೆಯುವುದು ಎರಡೂ ಬೇಡ, ರೇಂಜಿನವರ ಕೈಗೆ ಕೊಡಿ.

ಬಿಸಿಲು, ಮಳೆ, ಎರೆ ಮಣ್ಣು

ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಪೆಟ್ಟಿಗೆ ಬಿಟ್ಟು ಗಿರ್ಮಿಟ್ ತಿನ್ನಲು ಹೋದರೆ ಮೇಣ ಕರಗಿ ಕೆಳಗಿಳಿಯುತ್ತದೆ. ಪೆಟ್ಟಿಗೆಯ ತಳ ಮಿರ್ಚಿ ಕಟ್ಟಿದ ಪೇಪರಿನ ಹಾಗೆ ಜಿಡ್ಡಾಗಿದ್ದರೆ ಆ ಪೆಟ್ಟಿಗೆಯನ್ನು ಸ್ಪರ್ಧೆಗೆ ಒಯ್ಯಬೇಡಿ, ಅಭ್ಯಾಸಕ್ಕೆ ಮುಗಿಸಿ. ಬಿಸಿಯಾದ ಗುಂಡು ತುಸು ವೇಗವಾಗಿಯೂ ಹೊರಡುತ್ತದೆ. ಅದಕ್ಕೇ ಬೆಳಿಗ್ಗೆ ಝೀರೋ ಮಾಡಿದ್ದು (ಗುರಿ ಇಟ್ಟಲ್ಲೇ ಬೀಳುವಂತೆ ಸೈಟ್ ಹೊಂದಿಸಿದ್ದು) ಮಧ್ಯಾಹ್ನ ಮೇಲೆ ಬೀಳುವುದು. ಊಟದ ಡಬ್ಬಿ ಒಯ್ಯುವ ದಪ್ಪ ಬ್ಯಾಗಿನಲ್ಲಿಟ್ಟು ನೆರಳಿನಲ್ಲಿಡಿ. ಫ್ರಿಜ್ ಮಾತ್ರ ಬೇಡ, ಹೊರಗೆ ತೆಗೆದಾಗ ಬೆವರುತ್ತದೆ.

ಧಾರವಾಡದ ಮಳೆಗಾಲದಲ್ಲಿ ಬುಲೆಟ್ ಮೇಲೆ ಬಿಳಿ ಪುಡಿ ಕಂಡರೆ ಸೀಸಕ್ಕೆ ತೇವ ತಗುಲಿದೆ ಅಂತ. ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಡಬ್ಬಿ ಬೀಗದೊಳಗೆ. ಆ ಪುಡಿ ಸೀಸದ್ದೇ, ಮುಟ್ಟಿದ ಕೈ ತೊಳೆಯದೆ ಏನೂ ತಿನ್ನಬೇಡಿ. ಮ್ಯಾಟಿನಿಂದ ಉರುಳಿ ನೆಲಕ್ಕೆ ಬಿದ್ದ ಗುಂಡನ್ನು ಊದಿ ಚೇಂಬರ್‌ಗೆ ಹಾಕುವವರಿದ್ದಾರೆ. ಮೇಣಕ್ಕೆ ಎರೆ ಮಣ್ಣು ಅಂಟಿದರೆ ಊದಿದರೆ ಹೋಗುವುದಿಲ್ಲ, ಬ್ಯಾರಲ್ ಪೂರ್ತಿ ತಿಕ್ಕಿಕೊಂಡೇ ಹೋಗುತ್ತದೆ.

ಒಪ್ಪುವ ಗುಂಡು ಸಿಕ್ಕ ಮೇಲೆ ಡೀಲರಿಗೆ ಲಾಟ್ ನಂಬರ್ ಹೇಳಿ, ಲೈಸೆನ್ಸಿನಲ್ಲಿ ಎಷ್ಟು ಬರುತ್ತದೋ ಅಷ್ಟನ್ನೂ ಅದೇ ಲಾಟಿನಲ್ಲಿ ತೆಗೆದುಕೊಳ್ಳಿ. ಅದೇ ಲಾಟ್ ಮತ್ತೆ ಸಿಗುವುದು ಕಷ್ಟ. ಹಾಗಾಗಿ ಹಳೆಯದರಲ್ಲಿ ಕೊನೆಯ 35 ಗುಂಡು ಮುಟ್ಟದೆ ಇಟ್ಟುಕೊಳ್ಳಿ. ಹೊಸ ಲಾಟ್ ಬಂದ ದಿನ, ಗಾಳಿ ಇಲ್ಲದ ಒಂದೇ ಬೆಳಿಗ್ಗೆ, ಮೊದಲು ಹಳೆಯ 15 ಸುಮ್ನೆ ಹೊಡೆದು, ಉಳಿದ 20ನ್ನು ಕಾಗದಕ್ಕೆ. ಆಮೇಲೆ ಹೊಸದರ 15 ಮತ್ತು 20. ನಾಲ್ಕು ಮತ್ತು ನಾಲ್ಕು, ಎಂಟು ಕಾಗದ ಮನೆಗೆ ಬಂದು ಕಿಟಕಿಗೆ ಹಿಡಿಯಿರಿ.